ಕಲ್ಲಿನೊಳಗಣ ಕಪ್ಪೆ: ದಖ್ಖನ್ನಿನ ಪುರಾತನ ಉಭಯಚರ ಮತ್ತು ಸರೀಸೃಪಗಳ ಶೋಧದ ಚರಿತ್ರೆ



ಬೆಂಗಳೂರಿಗೆ ದಕ್ಷಿಣದಲ್ಲಿ, ಆನೇಕಲ್ ತಾಲ್ಲೂಕಿಗೆ ಸೇರಿದ ಜಿಗಣಿ ಎಂಬ ಊರುಂಟು. ಬನ್ನೇರುಘಟ್ಟದ ಕಾಡಿಗೆ ಮೂಡಣ ದಿಕ್ಕಿನಲ್ಲಿರುವ ಈ ಊರು ಒಂದು ಕಾಲದಲ್ಲಿ ಕೆರೆಯನ್ನೂ ರಾಗಿಯ ಹೊಲಗಳನ್ನೂ ನಂಬಿ ಬಾಳಿದ್ದು, ಈಗ ಕೈಗಾರಿಕೆಗಳ ಬೀಡಾಗಿರುವುದು. ಅಲ್ಲಿಯ ಕಾರ್ಖಾನೆಗಳಲ್ಲಿ ಕಲ್ಲನ್ನು ಸೀಳಿ ನುಣುಪುಗೊಳಿಸುವಂಥವು ಅನೇಕ. ದೊಡ್ಡ ಬಂಡೆಯನ್ನು ವಜ್ರದ ಹರಳು ಕೂರಿಸಿದ ಗರಗಸದಿಂದ ಕೊಯ್ದು ಚಪ್ಪಡಿಯಾಗಿಸಿ ಉಜ್ಜಿದಾಗ, ಕನ್ನಡಿಯಂತೆ ಹೊಳೆಯುವ ಅದರ ಮೈಮೇಲೆ ಕಪ್ಪು, ಬಿಳುಪು, ನಸುಗೆಂಪು ಪಟ್ಟೆಗಳು ಸುತ್ತಿ ಸುಳಿದು ಹರಿಯುವುದನ್ನು ಕಾಣಬಹುದು. ನೋಡಿದವರಿಗೆ, ಪೂರ್ವಕಾಲದ ಯಾವುದೋ ಮಹೋರಗವು ಇದರೊಳಗೆ ಸಿಕ್ಕಿ ತಾನೂ ಕಲ್ಲಾಗಿ ಹೋಯಿತೇನೋ ಎಂಬ ಸಂಶಯವು ಹುಟ್ಟಿದರೆ ಆಶ್ಚರ್ಯವಿಲ್ಲ. ಈ ಸಂಶಯಕ್ಕೆ ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು: ಇಲ್ಲ. ಆದರೆ ಏಕೆ ಇಲ್ಲ, ಇಲ್ಲಿ ಇಲ್ಲದ್ದು ಎಲ್ಲಿ ಉಂಟು, ಅದನ್ನು ಯಾರು ಕಂಡರು, ಕಂಡದ್ದು ಕೊನೆಗೆ ಏನಾಯಿತು ಎಂಬುದು ಒಂದು ಮಾತಿನಲ್ಲಿ ಮುಗಿಯುವ ಕಥೆಯಲ್ಲ. ಅದನ್ನೇ ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ಜಿಗಣಿಯ ನೆಲದಡಿಯ ಕಲ್ಲಿಗೆ ಭೂವಿಜ್ಞಾನಿಗಳು ನೈಸ್ ಎಂದು ಹೆಸರಿಟ್ಟಿರುವರು. ಭೂಗರ್ಭದ ಕಾವಿನಲ್ಲಿ ಬೆಂದು, ಮೇಲಣ ಭಾರಕ್ಕೆ ಸಿಕ್ಕಿ, ಕಲಸಿದ ಹಿಟ್ಟಿನಂತೆ ಮತ್ತೆ ಮತ್ತೆ ಮಡಿಸಿಹೋದದ್ದರಿಂದ ಅದಕ್ಕೆ ಆ ಪಟ್ಟೆಗಳು ಬಂದವು. ಅವು ಹಾವಿನ ಗುರುತಲ್ಲ, ಕಲ್ಲು ಪಟ್ಟ ಪಾಡಿನ ಗುರುತು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಅವರು ಇದನ್ನು ‘ಪೆನಿನ್ಸುಲರ್ ನೈಸ್’ ಎಂದು ಕರೆದರು. ದಕ್ಷಿಣದ ಪರ್ಯಾಯದ್ವೀಪಕ್ಕೆಲ್ಲ ಇದೇ ತಳಪಾಯವಾದ್ದರಿಂದ ಹೆಸರು ಅನ್ವರ್ಥವಾಗಿದೆ. ಲಾಲ್‌ಬಾಗಿನ ಗುಡ್ಡವೂ ಇದೇ ಜಾತಿಯದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರುವ ಫಲಕವನ್ನು ತಾವು ಅಲ್ಲಿ ನೋಡಿರಬಹುದು. ಈ ಕಲ್ಲಿನ ವಯಸ್ಸು ಸ್ಥೂಲವಾಗಿ ೩೦೦ ಕೋಟಿ ವರ್ಷ. ಇದನ್ನು ಭೇದಿಸಿಕೊಂಡು ಮೇಲೆದ್ದ ರಾಮನಗರದ ಗ್ರಾನೈಟ್ ಬೆಟ್ಟಗಳು ಇದಕ್ಕಿಂತ ಕಿರಿಯವು, ಆದರೂ ಅವಕ್ಕೆ ೨೫೦ ಕೋಟಿ ವರ್ಷ ಸಂದಿವೆ.

ಕೋಟಿಗಳ ಲೆಕ್ಕ ನಮ್ಮವರಿಗೆ ಹೊಸದಲ್ಲ. ಪೂಜೆಗೆ ಕುಳಿತವರು ಸಂಕಲ್ಪದಲ್ಲಿ ಕಲ್ಪವನ್ನೂ ಮನ್ವಂತರವನ್ನೂ ಸ್ಮರಿಸಿಯೇ ಮುಂದುವರಿಯುವರು. ಒಂದು ಕಲ್ಪವೆಂದರೆ ೪೩೨ ಕೋಟಿ ವರ್ಷ. ಭೂಮಿಯ ವಯಸ್ಸು ೪೫೪ ಕೋಟಿ ವರ್ಷವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಈ ಎರಡು ಸಂಖ್ಯೆಗಳ ಸಾಮೀಪ್ಯ ಕಾಕತಾಳೀಯವೆಂದೇ ನಮ್ಮ ಅಭಿಪ್ರಾಯ. ಆದರೆ ಇಂಥ ಅಂಕೆಗಳನ್ನು ಕೇಳಿ ಬೆದರದ ಅಭ್ಯಾಸ ನಮಗಿರುವುದು ಈ ವಿಷಯದಲ್ಲಿ ಅನುಕೂಲವೇ ಸರಿ. ಬೆನ್ನುಮೂಳೆಯುಳ್ಳ ಪ್ರಾಣಿಯೊಂದು ನಾಲ್ಕು ಕಾಲೂರಿ ನೀರಿನಿಂದ ನೆಲದ ಕಡೆಗೆ ತಲೆಯೆತ್ತಿದ್ದು ಸುಮಾರು ೩೭ ಕೋಟಿ ವರ್ಷಗಳ ಹಿಂದೆ. ಅದರ ಸಂತತಿಯಲ್ಲಿ ನೀರನ್ನು ಪೂರ್ತಿ ತೊರೆದು, ಗಟ್ಟಿ ಹೊದಿಕೆಯ ಮೊಟ್ಟೆಯನ್ನು ಒಣನೆಲದಲ್ಲಿಯೇ ಇಡಬಲ್ಲ ಸರೀಸೃಪಗಳು ಬಂದದ್ದು ಸುಮಾರು ೩೧ ಕೋಟಿ ವರ್ಷಗಳ ಹಿಂದೆ. ಹೀಗಿರುವಾಗ ಜಿಗಣಿಯ ಕಲ್ಲು ಮೊದಲ ಕಪ್ಪೆಗಿಂತಲೂ ಮೊದಲ ಹಾವಿಗಿಂತಲೂ ಎಷ್ಟೋ ಪಾಲು ಹಿರಿಯದು. ಮಗ ಹುಟ್ಟುವ ಮೊದಲೇ ಬರೆದ ಪತ್ರದಲ್ಲಿ ಮಗನ ಹೆಸರನ್ನು ಹುಡುಕಿದಂತೆ ನಮ್ಮ ಹುಡುಕಾಟವಾಗುತ್ತದೆ.

ವಯಸ್ಸು ಹೊಂದಿಬಂದಿದ್ದರೂ ಇಲ್ಲಿ ಫಲ ದೊರೆಯುತ್ತಿರಲಿಲ್ಲ. ಸತ್ತ ಪ್ರಾಣಿಯ ಮೂಳೆ ಉಳಿಯಬೇಕಾದರೆ ಅದು ಕೊಳೆಯುವ ಮೊದಲು ಹೂಳಿನಲ್ಲಿ ಮುಚ್ಚಿಹೋಗಬೇಕು. ಹೂಳು ಪದರದ ಮೇಲೆ ಪದರವಾಗಿ ಕುಳಿತು ಕಲ್ಲಾಗಬೇಕು. ನೀರಿನಲ್ಲಿ ಕರಗಿದ ಖನಿಜಗಳು ಮೂಳೆಯ ರಂಧ್ರಗಳನ್ನು ಮೆಲ್ಲಮೆಲ್ಲನೆ ತುಂಬಬೇಕು. ಇಷ್ಟಾದ ಮೇಲೂ ಆ ಕಲ್ಲು ಭೂಮಿಯ ಒಲೆಗೆ ಮತ್ತೆ ಬೀಳದೆ ತಪ್ಪಿಸಿಕೊಳ್ಳಬೇಕು. ಮೈಸೂರು ಸೀಮೆಯ ನೆಲ ಬಹುಕಾಲದಿಂದ ಎತ್ತರದಲ್ಲಿ ನಿಂತು ಸವೆಯುತ್ತಲೇ ಬಂದಿದೆ. ಹೂಳನ್ನು ಬೇರೆ ಕಡೆಗೆ ಕಳುಹಿಸಿತೇ ಹೊರತು ತಾನು ಕೂಡಿಟ್ಟುಕೊಳ್ಳಲಿಲ್ಲ. ಕನ್ನಡನಾಡಿನಲ್ಲಿ ಹೂಳಿನ ಕಲ್ಲು ಇಲ್ಲವೇ ಎಂದರೆ, ಉಂಟು. ನಮ್ಮ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದು ಕಲ್ಲು ಭೀಮಾ ನದಿಯ ಸೀಮೆಯ ಸಮುದ್ರದ ಹೂಳೇ. ಆದರೆ ಅದೂ ಬೆನ್ನುಮೂಳೆಯ ಪ್ರಾಣಿಗಳು ಹುಟ್ಟುವುದಕ್ಕೆ ಮೊದಲಿನದು. ಅದರ ಮೇಲೆ ದಿನವೂ ನಡೆದಾಡುವ ನಮ್ಮ ಕಾಲಿಗೆ ಒಂದು ಮೀನಿನ ಮುಳ್ಳೂ ಚುಚ್ಚುವ ಭಯವಿಲ್ಲ.

ಇಲ್ಲಿ ಹೆಸರಿನ ವಿಷಯವಾಗಿ ಒಂದು ಮಾತು. ಕಲ್ಲಾಗಿ ಉಳಿದ ಜೀವಶೇಷಕ್ಕೆ ಕನ್ನಡದಲ್ಲಿ ಶಿಲಾವಶೇಷ, ಜೀವಾವಶೇಷ ಎಂಬ ಸಂಸ್ಕೃತದ ಮಾತುಗಳಿದ್ದರೂ, ಪಳೆಯುಳಿಕೆ ಎಂಬ ದೇಶ್ಯಪದವು ಅವನ್ನು ಹಿಂದೆ ಹಾಕಿ ನೆಲೆನಿಂತಿದೆ. ನಮಗೆ ಈ ಪದದ ಮೇಲೆ ವಿಶೇಷ ಪ್ರೀತಿ. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾಗಿ, ಪಾಲು ಹಾಲಾಯಿತು, ಪೂವು ಹೂವಾಯಿತು, ಪಳೆಯದು ಹಳೆಯದಾಯಿತು. ಪಳೆಯುಳಿಕೆ ಎಂಬ ಮಾತಿನಲ್ಲಿ ಆ ಪಕಾರವು ಹಾಗೆಯೇ ಉಳಿದಿರುವುದರಿಂದ ಪದವೇ ಒಂದು ಪಳೆಯುಳಿಕೆ. ಇಷ್ಟು ಒಪ್ಪುವ ಪಾರಿಭಾಷಿಕ ಪದ ಇಂಗ್ಲಿಷಿನವರಿಗೂ ದೊರೆತಿಲ್ಲ.

ತುಂಗಭದ್ರೆಯನ್ನೂ ಕೃಷ್ಣೆಯನ್ನೂ ದಾಟಿ ಉತ್ತರಕ್ಕೆ ನಡೆದರೆ ನೆಲದ ಬಣ್ಣ ಬದಲಾಗುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಸೀಮೆಗಳ ಎರೆಮಣ್ಣಿಗೆ ತಾಯಿಯಾದದ್ದು ಒಂದು ಕಪ್ಪು ಕಲ್ಲು. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾರಸವು ಮತ್ತೆ ಮತ್ತೆ ಉಕ್ಕಿ ಹರಿದು, ಮೆಟ್ಟಲು ಮೆಟ್ಟಲಾಗಿ ಹೆಪ್ಪುಗಟ್ಟಿತು. ಇದಕ್ಕೆ ದಖ್ಖನ್ ಟ್ರ್ಯಾಪ್ ಎಂದು ಹೆಸರು. ಮುಂಬಯಿಯಿಂದ ಜಬ್ಬಲ್‌ಪುರದವರೆಗೆ ಇದರ ಹಾಸು ಹಬ್ಬಿದೆ. ಕಾದ ಲಾವಾದಲ್ಲಿ ಜೀವ ಉಳಿಯದು. ಆದರೆ ಒಂದು ಉಕ್ಕಿಗೂ ಮುಂದಿನ ಉಕ್ಕಿಗೂ ನಡುವೆ ಸಾವಿರಾರು ವರ್ಷಗಳ ಬಿಡುವಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು, ಕೆರೆಗಳಲ್ಲಿ ಪಾಚಿ, ಶಂಖು, ಮೀನು, ಕಪ್ಪೆ ಬಾಳಿದವು. ಮತ್ತೆ ಲಾವಾ ಹರಿದು ಕೆರೆಯ ಕೆಸರನ್ನು ಮುಚ್ಚಿತು. ಕಪ್ಪು ಕಲ್ಲಿನ ಎರಡು ಹಾಸುಗಳ ನಡುವೆ ಸಿಕ್ಕಿದ ಈ ಕೆಲವೇ ಅಡಿ ದಪ್ಪದ ಪದರಗಳಿಗೆ ಲಾವಾ ನಡುಪದರಗಳೆಂದು ಕರೆಯೋಣ. ನಮ್ಮ ಕಥೆಯ ಮುಖ್ಯ ಪಾತ್ರಗಳು ಇರುವುದು ಇವುಗಳಲ್ಲಿ ಮತ್ತು ಇವುಗಳ ಕೆಳಗಣ ಪದರಗಳಲ್ಲಿ.

ಮೊದಲು ಸಿಕ್ಕಿದ್ದು ಕೆಳಗಣ ಪದರದ್ದು. ೧೮೨೮ನೆಯ ಇಸವಿಯಲ್ಲಿ ವಿಲಿಯಂ ಸ್ಲೀಮನ್ ಎಂಬ ಸೇನಾಧಿಕಾರಿಗೆ ಜಬ್ಬಲ್‌ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ ಕಲ್ಲಾದ ದೊಡ್ಡ ಮೂಳೆಗಳು ದೊರೆತವು. ದಾರಿಹೋಕರ ಕೊರಳಿಗೆ ಉರುಲು ಬಿಗಿಯುತ್ತಿದ್ದ ಥಗ್ಗರನ್ನು ಅಡಗಿಸಿದ ಸ್ಲೀಮನ್ ಇವರೇ. ಮೂಳೆಗಳು ಸ್ಪಿಲ್ಸ್‌ಬರಿ ಎಂಬ ವೈದ್ಯರ ಕೈಯಿಂದ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್ ಅವರ ಬಳಿಗೆ ಸೇರಿದವು. ಅಶೋಕನ ಶಾಸನಗಳ ಬ್ರಾಹ್ಮೀಲಿಪಿಯನ್ನು ಓದಿ ಕೀರ್ತಿವಂತರಾದ ಪ್ರಿನ್ಸೆಪ್ ಅವರಿಗೂ ಈ ಲಿಪಿ ಒಲಿಯಲಿಲ್ಲ, ಒಲಿಯುವಂತೆಯೂ ಇರಲಿಲ್ಲ. ಡೈನೊಸಾರ್ ಎಂಬ ಹೆಸರನ್ನು ಇಂಗ್ಲೆಂಡಿನ ರಿಚರ್ಡ್ ಓವೆನ್ ಅವರು ಹುಟ್ಟಿಸಿದ್ದೇ ೧೮೪೨ರಲ್ಲಿ. ಸ್ಲೀಮನ್ ಅವರ ಮೂಳೆಗಳಿಗೆ ‘ಟೈಟಾನೊಸಾರಸ್ ಇಂಡಿಕಸ್’ ಎಂಬ ಹೆಸರು ದೊರೆತದ್ದು ಮತ್ತೂ ತಡವಾಗಿ, ೧೮೭೭ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಲಿಡೆಕ್ಕರ್ ಅವರಿಂದ. ನಾಮಕರಣವಾದ ಮಗುವೇ ಆಮೇಲೆ ಕಾಣೆಯಾಯಿತು! ಆ ಮೂಳೆಗಳು ಕಳೆದುಹೋದವೆಂದೇ ವಿದ್ವಾಂಸರು ಬಹುಕಾಲ ನಂಬಿದ್ದರು. ೨೦೧೨ರಲ್ಲಿ ಅದರ ಬಾಲದ ಒಂದು ಬೆನ್ನುಮೂಳೆ ಕಲ್ಕತ್ತೆಯ ಸರ್ವೇಕ್ಷಣೆಯ ಸಂಗ್ರಹದಲ್ಲಿಯೇ ಮತ್ತೆ ಪತ್ತೆಯಾಯಿತು. ನೆಲದಲ್ಲಿ ಕೋಟ್ಯಂತರ ವರ್ಷ ಕೆಡದೆ ಇದ್ದ ವಸ್ತು, ಮನುಷ್ಯನ ಕಪಾಟಿನಲ್ಲಿ ಇನ್ನೂರು ವರ್ಷ ಕ್ಷೇಮವಾಗಿರುವುದು ಕಷ್ಟವಾಯಿತು.

ಡೈನೊಸಾರುಗಳ ಹೆಸರಿಗೆ ಜನ ಕಿವಿಗೊಡುವಂತೆ ಕಪ್ಪೆಯ ಹೆಸರಿಗೆ ಕಿವಿಗೊಡುವುದಿಲ್ಲ. ನಮ್ಮ ಮನಸ್ಸು ಮಾತ್ರ ಕಪ್ಪೆಯ ಕಡೆಗೇ ಹೆಚ್ಚು ವಾಲುತ್ತದೆ. ಏಕೆಂಬುದು ಮುಂದೆ ತಿಳಿಯುವುದು. ಮುಂಬಯಿಗೆ ರೈಲುಹಾದಿಯ ಯೋಜನೆ ನಡೆಯುತ್ತಿದ್ದ ಕಾಲದಲ್ಲಿ ಜಿ. ಟಿ. ಕ್ಲಾರ್ಕ್ ಎಂಬ ಎಂಜಿನಿಯರು ಅಲ್ಲಿದ್ದರು. ವರ್ಲಿಯ ಗುಡ್ಡದಲ್ಲಿ ಕಪ್ಪು ಕಲ್ಲಿನಡಿಯ ತೆಳುವಾದ ಪದರಗಲ್ಲನ್ನು ಬಿಡಿಸಿದಾಗ, ಪುಸ್ತಕದ ಹಾಳೆಗಳ ನಡುವೆ ಒತ್ತಿಟ್ಟ ಎಲೆಗಳಂತೆ ಪುಟ್ಟ ಪುಟ್ಟ ಕಪ್ಪೆಗಳ ಎಲುಬುಗೂಡುಗಳು ಕಂಡುಬಂದವು. ಕ್ಲಾರ್ಕ್ ಅವರು ಅವನ್ನು ಲಂಡನ್ನಿಗೆ ಕಳುಹಿಸಿದರು. ೧೮೪೭ರಲ್ಲಿ ಓವೆನ್ ಅವರು ಅವನ್ನು ವರ್ಣಿಸಿ, ‘ರಾನ ಪುಸಿಲ್ಲ’, ಎಂದರೆ ಪುಟಾಣಿ ಕಪ್ಪೆ ಎಂದು ಹೆಸರಿಟ್ಟರು. ಅದೇ ಮುಂಬಯಿಯ ಪದರಗಳಲ್ಲಿ ಸಿಕ್ಕಿದ ಆಮೆಯೊಂದನ್ನು ಎಚ್. ಜೆ. ಕಾರ್ಟರ್ ಎಂಬ ವೈದ್ಯರು ೧೮೫೨ರಲ್ಲಿ ವರ್ಣಿಸಿದರು. ಇಂದು ವರ್ಲಿಯಲ್ಲಿ ಆ ಪದರವನ್ನು ಹುಡುಕಹೊರಟವರಿಗೆ ಮಾಳಿಗೆಯ ಮೇಲೆ ಮಾಳಿಗೆ ಕಂಡೀತಲ್ಲದೆ ಕಪ್ಪೆ ಕಾಣುವುದು ದುರ್ಲಭ. ನಗರ ಕಟ್ಟುವ ಕೆಲಸವೇ ಅವನ್ನು ಹೊರಗೆ ತಂದಿತು, ನಗರ ಕಟ್ಟುವ ಕೆಲಸವೇ ಅವನ್ನು ಮುಚ್ಚಿತು.

ಸುಮಾರು ಇದೇ ಕಾಲಕ್ಕೆ ನಾಗಪುರದಲ್ಲಿ ಸ್ಟೀಫನ್ ಹಿಸ್ಲಾಪ್ ಎಂಬ ಸ್ಕಾಟ್ಲೆಂಡಿನ ಪಾದ್ರಿಗಳಿದ್ದರು. ಧರ್ಮಬೋಧೆಗೆಂದು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದ ಇವರಿಗೆ ದಾರಿಯ ಕಲ್ಲುಗಳನ್ನು ತಿರುವಿ ನೋಡುವ ಅಭ್ಯಾಸವಿತ್ತು. ನಾಗಪುರದ ದಕ್ಷಿಣಕ್ಕಿರುವ ಮಂಗಳಿ ಎಂಬಲ್ಲಿಂದ ಬಂದ ಒಂದು ಚಪ್ಪಟೆಯಾದ ತಲೆಬುರುಡೆ ಓವೆನ್ ಅವರ ಮೇಜನ್ನು ಸೇರಿ, ೧೮೫೫ರಲ್ಲಿ ‘ಬ್ರಾಕಿಯಾಪ್ಸ್ ಲಾಟಿಸೆಪ್ಸ್’ ಎಂಬ ಹೆಸರು ಪಡೆಯಿತು. ಅಗಲ ತಲೆಯ, ಮೊಸಳೆಯಂತೆ ಮೇಲ್ಮುಖವಾಗಿ ಕಣ್ಣುಳ್ಳ, ಆದರೆ ಕಪ್ಪೆಗಳ ಹಿರಿಯ ಬಳಗಕ್ಕೆ ಸೇರಿದ ಪ್ರಾಣಿ ಅದು. ಸುಮಾರು ೨೫ ಕೋಟಿ ವರ್ಷಗಳ ಹಿಂದಿನದು. ಈ ಬಳಗದ ಹಲ್ಲನ್ನು ಅಡ್ಡವಾಗಿ ಕೊಯ್ದು ನೋಡಿದರೆ ಒಳಗಣ ಮಡಿಕೆಗಳು ಹಳೇಬೀಡಿನ ಗೋಡೆಯ ಮೇಲೆ ಕೆತ್ತಿರುವ ಚಕ್ರವ್ಯೂಹವನ್ನು ನೆನಪಿಗೆ ತರುತ್ತವೆ. ಆದ್ದರಿಂದಲೇ ಇವಕ್ಕೆ ಲ್ಯಾಬಿರಿಂಥೊಡಾಂಟ್, ಎಂದರೆ ವ್ಯೂಹದಂತಿಗಳೆಂಬ ಹೆಸರು. ಸ್ವಾರಸ್ಯವೇನೆಂದರೆ ಓವೆನ್ ಅವರು ತಮ್ಮ ಲೇಖನದ ತಲೆಬರಹದಲ್ಲಿ ಇದನ್ನು ಸರೀಸೃಪವೆಂದೇ ಕರೆದಿರುವರು. ಉಭಯಚರ ಬೇರೆ, ಸರೀಸೃಪ ಬೇರೆ ಎಂಬ ಗೆರೆ ಆಗಿನ್ನೂ ಗಟ್ಟಿಯಾಗಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹುಳುಹುಪ್ಪಟೆ ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಅಡಗುವುದಾದ್ದರಿಂದ ಅವರನ್ನು ನಾವು ಆಕ್ಷೇಪಿಸಲಾರೆವು.

ಹಿಸ್ಲಾಪ್ ಅವರ ದೃಷ್ಟಿ ನಾಗಪುರಕ್ಕೆ ನಿಲ್ಲಲಿಲ್ಲ. ಗೋದಾವರಿಯ ಉಪನದಿಯಾದ ಪ್ರಾಣಹಿತೆಯ ಬಯಲಿನಲ್ಲಿ, ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಲೇರಿ ಎಂಬ ಹಳ್ಳಿಯ ಕೆಂಪು ಜೇಡಿಕಲ್ಲು ೨೨ ಕೋಟಿ ವರ್ಷಗಳಿಗೂ ಮೀರಿದ್ದು. ಮೊಸಳೆಯನ್ನು ಹೋಲುವ ಉದ್ದ ಮೂತಿಯ ಸರೀಸೃಪವೊಂದು ಅಲ್ಲಿ ದೊರೆಯಿತು. ಲಿಡೆಕ್ಕರ್ ಅವರು ೧೮೮೫ರಲ್ಲಿ ಅದಕ್ಕೆ ‘ಪ್ಯಾರಾಸೂಕಸ್ ಹಿಸ್ಲಾಪಿ’ ಎಂದು ಹೆಸರಿಟ್ಟರು. ಆ ವೇಳೆಗೆ ಹಿಸ್ಲಾಪ್ ಅವರು ತೀರಿಕೊಂಡು ಇಪ್ಪತ್ತೆರಡು ವರ್ಷಗಳಾಗಿದ್ದುವು; ೧೮೬೩ರಲ್ಲಿ ನೀರಿನ ಪ್ರವಾಹಕ್ಕೆ ಸಿಕ್ಕಿ ಅವರು ಮುಳುಗಿಹೋಗಿದ್ದರು. ಮಲೇರಿಯ ಈ ಕೆಂಪು ನೆಲವು ಕನ್ನಡಿಗರಿಗೆ ತೀರ ಪರಕೀಯವೇನೂ ಅಲ್ಲ. ಕಲಬುರಗಿ, ರಾಯಚೂರು, ಬೀದರಗಳೂ ೧೯೫೬ರವರೆಗೆ ಅದೇ ಹೈದರಾಬಾದಿನ ಆಡಳಿತದಲ್ಲಿದ್ದುವು.

ಹಾಗಾದರೆ ಆಗ ಕನ್ನಡಿಗರು ಏನು ಮಾಡುತ್ತಿದ್ದರು ಎಂದು ತಾವು ಕೇಳಬಹುದು. ಮೈಸೂರಿನಲ್ಲಿ ೧೮೯೪ರಲ್ಲಿ ಭೂವಿಜ್ಞಾನ ಇಲಾಖೆ ಹುಟ್ಟಿದ್ದು ಮುಖ್ಯವಾಗಿ ಚಿನ್ನ ಮೊದಲಾದ ಖನಿಜಗಳ ಸಲುವಾಗಿ. ಇಲ್ಲಿಯ ಕಲ್ಲು ಮೂಕವಾಗಿರುವಾಗ ಪಳೆಯುಳಿಕೆಯ ಮಾತೆತ್ತಲು ಇಲಾಖೆಗೆ ಕಾರಣವೂ ಇರಲಿಲ್ಲ. ಉತ್ತರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರು ಗೋಕಾಕದ ಬಳಿಯ ಚಿಕ್ಕದೌಲಿಯಲ್ಲಿ ಕಂಡುಹಿಡಿದು ೧೮೭೪ರಲ್ಲಿ ವರ್ಣಿಸಿದ ಖಡ್ಗಮೃಗವೊಂದುಂಟು. ಅದಕ್ಕೆ ‘ದೆಕ್ಕನೆನ್ಸಿಸ್’ ಎಂಬ ದಖ್ಖನ್ನಿನ ಹೆಸರೇ ಸಂದಿತು. ಆದರೆ ಅದು ಸ್ತನಿ. ನಮ್ಮ ಇಂದಿನ ವಿಷಯದ ಮುಂದೆ ನಿನ್ನೆ ಮೊನ್ನೆಯದು.

ಬೆಂಗಳೂರಿನಲ್ಲಿ ಇಬ್ಬರು ರಾಮರಾಯರಿದ್ದರು. ಹೆಸರಿನ ಸಾಮ್ಯದಿಂದ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವುದುಂಟು. ಬಿ. ರಾಮರಾಯರು ಮೈಸೂರು ಭೂವಿಜ್ಞಾನ ಇಲಾಖೆಯವರು. ಜೀವಸಾಕ್ಷಿಯಿಲ್ಲದ ಪುರಾತನ ಶಿಲೆಗಳ ಮೇಲೆ ಅವರು ಬರೆದ ಗ್ರಂಥವನ್ನು ಇಲಾಖೆಯು ೧೯೪೦ರಲ್ಲಿ ಪ್ರಕಟಿಸಿತು. ಎಲ್. ರಾಮರಾಯರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರು. ಸುತ್ತಮುತ್ತಲ ಕಲ್ಲಿನಲ್ಲಿ ಒಂದು ಚಿಪ್ಪೂ ಸಿಕ್ಕದ ಊರಿನಲ್ಲಿ ಕುಳಿತು ಪಳೆಯುಳಿಕೆಯ ಶಾಸ್ತ್ರವನ್ನು ಬೆಳೆಸಿದವರು ಈ ಎರಡನೆಯವರು. ತಿರುಚಿನಾಪಳ್ಳಿ ಸೀಮೆಯ ಅರಿಯಲೂರಿನ ಬಳಿ ನಿನಿಯೂರು ಎಂಬಲ್ಲಿ ಸಮುದ್ರದ ಸುಣ್ಣಕಲ್ಲಿನ ಪದರಗಳಿವೆ. ಅದರೊಳಗಿನ ಪಾಚಿಗಳನ್ನು ತೆಳುಗೊಯ್ದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ವಿಯೆನ್ನಾದ ಜೂಲಿಯಸ್ ಪ್ಯಾ ಅವರೊಡನೆ ೧೯೩೬ರಲ್ಲಿ ಅವರು ಪ್ರಬಂಧವನ್ನು ಪ್ರಕಟಿಸಿದರು. ರಾಜಮಹೇಂದ್ರಿಯ ಲಾವಾ ನಡುಪದರಗಳ ಪಾಚಿಗಳನ್ನು ಎಸ್. ಆರ್. ನಾರಾಯಣರಾಯರೂ ಕೆ. ಶ್ರೀಪಾದರಾಯರೂ ಶೋಧಿಸಿದರು.

ಪಾಚಿಗೂ ಉರಗಕ್ಕೂ ಏನು ಸಂಬಂಧವೆಂದರೆ, ಹತ್ತಿರದ ಸಂಬಂಧವೇ. ನಿನಿಯೂರಿನ ಪದರದ ಕೆಳಗೆ ಕಲ್ಲಮೇಡಿನ ಪದರವಿದೆ. ಅದರಲ್ಲಿ ಡೈನೊಸಾರಿನ ಮೂಳೆಗಳಿವೆ. ಮೇಲಿನದರಲ್ಲಿ ಅವುಗಳ ಸುಳಿವಿಲ್ಲ. ಎಂದರೆ ಸರೀಸೃಪಗಳ ಸಾಮ್ರಾಜ್ಯ ಮುರಿದುಬಿದ್ದ ಗಡಿ ಈ ಎರಡರ ನಡುವೆಯೇ ಹಾದುಹೋಗುತ್ತದೆ. ದಖ್ಖನ್ನಿನ ಲಾವಾ ಉಕ್ಕಿದ್ದು ಆ ಗಡಿಗೆ ಮೊದಲೋ ಆಮೇಲೋ ಎಂಬುದು ಆ ಕಾಲದ ದೊಡ್ಡ ವಾದವಾಗಿತ್ತು. ಲಖ್ನೋದ ಬೀರಬಲ್ ಸಾಹ್ನಿಯವರು ಸಸ್ಯಗಳ ಸಾಕ್ಷ್ಯದಿಂದ ಆಮೇಲೆ ಎಂದರು. ಬೆಂಗಳೂರಿನವರ ಪಾಚಿಗಳು ಈ ವಾದದಲ್ಲಿ ಸಾಕ್ಷಿ ನುಡಿದುವು. ೧೯೮೦ರ ದಶಕದಲ್ಲಿ ಕಲ್ಲಿನ ವಯಸ್ಸನ್ನು ನೇರವಾಗಿ ಅಳೆಯುವ ವಿಧಾನಗಳಿಂದಲೂ ಹೊಸ ಪಳೆಯುಳಿಕೆಗಳಿಂದಲೂ, ಲಾವಾ ಉಕ್ಕಿದ್ದು ಆ ಗಡಿಯ ಎರಡು ಬದಿಗೂ ಚಾಚಿದೆಯೆಂಬುದು ಸ್ಥಿರಪಟ್ಟಿತು. ಒಂದು ಬಗೆಯಲ್ಲಿ ಎರಡು ಪಕ್ಷವೂ ಅರ್ಧರ್ಧ ಗೆದ್ದಿತು.

ಈ ನಡುವೆ ಸ್ಲೀಮನ್ ಅವರ ಬಡಾ ಸಿಮ್ಲಾ ಗುಡ್ಡವನ್ನು ಸಿ. ಎ. ಮ್ಯಾಟ್ಲಿ ಎಂಬವರು ಕ್ರಮವಾಗಿ ಅಗೆದು, ಜರ್ಮನಿಯ ಫ್ರೀಡ್ರಿಖ್ ಫಾನ್ ಹ್ಯೂನೆ ಅವರೊಡನೆ ೧೯೩೩ರಲ್ಲಿ ದೊಡ್ಡ ಗ್ರಂಥವನ್ನು ಹೊರತಂದರು. ಸ್ವಾತಂತ್ರ್ಯಾನಂತರ ಪ್ರಶಾಂತಚಂದ್ರ ಮಹಲನೋಬಿಸ್ ಅವರ ಆಹ್ವಾನದ ಮೇಲೆ ಲಂಡನ್ನಿನಿಂದ ಪಮೇಲಾ ರಾಬಿನ್‌ಸನ್ ಎಂಬ ವಿದುಷಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ಸಂಖ್ಯಾಶಾಸ್ತ್ರದ ಸಂಸ್ಥೆಗೆ ಎಲುಬಿನ ಶಾಸ್ತ್ರವೇಕೆಂದು ಅಚ್ಚರಿಪಡಬೇಡಿ. ವಸ್ತುಗಳನ್ನು ಅಳೆದು ಎಣಿಸುವ ವಿದ್ಯೆಗೆ ಎಲುಬೂ ವಸ್ತುವೇ ಎಂಬುದು ಮಹಲನೋಬಿಸ್ ಅವರ ನಿಲುವು. ಅವರ ತಂಡ ಪ್ರಾಣಹಿತಾ–ಗೋದಾವರಿ ಕಣಿವೆಗೆ ಇಳಿಯಿತು. ಕವಿ ರವೀಂದ್ರರ ಶತಮಾನೋತ್ಸವದ ವರ್ಷವಾದ ೧೯೬೧ರ ಸುಮಾರಿಗೆ ಅಲ್ಲಿಂದ ಹೊರತೆಗೆದ ಸುಮಾರು ೩೦೦ ಮೂಳೆಗಳಿಂದ ‘ಬರಾಪಸಾರಸ್ ಟಾಗೋರೈ’ ಎಂಬ ಡೈನೊಸಾರ್ ಎದ್ದು ನಿಂತಿತು. ಬಡಾ ಪಾ ಎಂದರೆ ದೊಡ್ಡ ಕಾಲು. ಮಿಕ್ಕದ್ದು ಕವಿಯ ಹೆಸರು. ೧೯೭೫ರಲ್ಲಿ ಅದರ ವರ್ಣನೆ ಅಚ್ಚಾಯಿತು. ಮಲೇರಿಯಿಂದ ಅದೇ ಸಂಸ್ಥೆಯವರು ತಂದ ಚಪ್ಪಟೆ ತಲೆಯ ಉಭಯಚರವನ್ನು ಟಿ. ರಾಯ್‌ಚೌಧುರಿಯವರು ೧೯೬೫ರಲ್ಲಿ ವರ್ಣಿಸಿದರು. ೨೦೧೮ರಲ್ಲಿ ಅದಕ್ಕೆ ‘ಪಂಥಸಾರಸ್’ ಎಂಬ ಹೊಸ ಕುಲನಾಮವಾಯಿತು.

ದುಃಖದ ಪ್ರಸಂಗವೊಂದನ್ನೂ ಹೇಳಬೇಕು. ಕಲ್ಲಮೇಡಿನ ಪದರದಿಂದ ಸಿಕ್ಕಿದ ಅತಿ ದೊಡ್ಡ ಮೂಳೆಗಳನ್ನು ಪಿ. ಯಾದಗಿರಿ ಮತ್ತು ಕೆ. ಅಯ್ಯಸಾಮಿ ಎಂಬ ಸರ್ವೇಕ್ಷಣೆಯ ವಿಜ್ಞಾನಿಗಳು ೧೯೮೦ರ ದಶಕದ ಕೊನೆಯಲ್ಲಿ ವರ್ಣಿಸಿ, ‘ಬೃಹತ್ಕಾಯೊಸಾರಸ್’ ಎಂದು ಕರೆದರು. ಕನ್ನಡಿಗರಿಗೆ ಈ ಹೆಸರಿಗೆ ಟೀಕೆ ಬೇಡ. ಮೊಣಕಾಲ ಕೆಳಗಿನ ಒಂದು ಮೂಳೆಯೇ ಸುಮಾರು ೨ ಮೀಟರ್ ಉದ್ದವಿತ್ತೆಂದು ವರ್ಣನೆ, ಆಳೆತ್ತರಕ್ಕಿಂತ ಮಿಗಿಲು. ಮೊದಲು ಮಾಂಸಾಹಾರಿಯೆಂದು ಎಣಿಸಿದ್ದ ಇದನ್ನು ಮುಂದೆ ವಿದ್ವಾಂಸರು ಉದ್ದ ಕತ್ತಿನ ಸಸ್ಯಾಹಾರಿಗಳ ಗುಂಪಿಗೆ ಸೇರಿಸಿದರು. ಭೂಮಿಯ ಮೇಲೆ ನಡೆದ ಅತಿ ಭಾರದ ಪ್ರಾಣಿಗಳಲ್ಲಿ ಇದೂ ಒಂದಿರಬಹುದೆಂಬ ಮಾತು ನಡೆದಿರುವಾಗಲೇ, ಮೂಳೆಗಳು ಇಲ್ಲವೆಂಬುದು ಬಯಲಾಯಿತು. ನೀರು ಹೀರಿದ ಜೇಡಿಯಲ್ಲಿದ್ದ ಅವು ಮಿದುವಾಗಿ ಪುಡಿಪುಡಿಯಾಗಿ ಹೋಗಿದ್ದುವು. ಈಗ ಉಳಿದಿರುವುದು ಬರವಣಿಗೆ, ಗೆರೆಚಿತ್ರ ಮತ್ತು ೨೦೨೨ರಲ್ಲಿ ಪ್ರಕಟವಾದ ಹಳೆಯ ಛಾಯಾಚಿತ್ರಗಳು ಮಾತ್ರ. ಎಲುಬು ಎದುರಿಗಿಲ್ಲದೆ ನಡೆಯುವ ವಾದಕ್ಕೆ ತೀರ್ಪು ಕೊಡುವವರು ಯಾರು? ಅಗೆದ ಹೊಲದಲ್ಲಿಯೇ ಅಂಟುದ್ರವ ಬಳಿದು, ಗೋಣಿಯನ್ನು ಪ್ಲಾಸ್ಟರಿನಲ್ಲಿ ಅದ್ದಿ ಸುತ್ತಿ, ಮುರಿದ ಕಾಲಿಗೆ ಕಟ್ಟುವಂತೆ ಕಟ್ಟಿಯೇ ಮೂಳೆಯನ್ನು ಎತ್ತಬೇಕೆಂಬ ನಿಯಮ ಈ ಶಾಸ್ತ್ರದಲ್ಲಿ ಏಕಿದೆಯೆಂಬುದು ಇದರಿಂದ ಅರ್ಥವಾಗುತ್ತದೆ.

ಈಗ ಕಪ್ಪೆಯ ಪಕ್ಷವನ್ನು ಮತ್ತೆ ವಹಿಸೋಣ. ಎರಡು ಮೀಟರಿನ ಮೂಳೆ ಹೇಳಲಾರದ ಒಂದು ಸಂಗತಿಯನ್ನು ಎರಡು ಮಿಲಿಮೀಟರಿನ ಮೂಳೆ ಹೇಳಬಲ್ಲದು. ಕಪ್ಪೆಯ ಚರ್ಮ ತೇವವನ್ನು ಒಳಕ್ಕೂ ಹೊರಕ್ಕೂ ಬಿಡುವಂಥದು. ಉಪ್ಪುನೀರು ಅದಕ್ಕೆ ಸಾಮಾನ್ಯವಾಗಿ ವಿಷ. ಸಮುದ್ರವನ್ನು ಈಜಿ ದಾಟುವುದು ಅದರ ಹಣೆಯಲ್ಲಿ ಬರೆದಿಲ್ಲ. ಆದ್ದರಿಂದ ಒಂದು ದೇಶದ ಹಳೆಯ ಕಪ್ಪೆ ಇನ್ನೊಂದು ದೇಶದ ಕಪ್ಪೆಗೆ ದಾಯಾದಿಯೆಂದು ಸಿದ್ಧವಾದರೆ, ಆ ಎರಡು ನೆಲಗಳಿಗೂ ಒಂದು ಕಾಲದಲ್ಲಿ ನಡುವೆ ದಾರಿಯಿತ್ತೆಂದು ಊಹಿಸಲು ಆಧಾರವಾಗುತ್ತದೆ. ೧೯೩೦ರಲ್ಲಿ ಅಮೆರಿಕದ ಜಿ. ಕೆ. ನೋಬಲ್ ಅವರು ವರ್ಲಿಯ ಪುಟಾಣಿ ಕಪ್ಪೆಯನ್ನು ಮತ್ತೆ ಪರೀಕ್ಷಿಸಿ, ಅದು ನಮ್ಮ ಇಂದಿನ ಕಪ್ಪೆಗಳ ಕುಲವಲ್ಲ, ಆಸ್ಟ್ರೇಲಿಯಾದ ಕಪ್ಪೆಗಳಿಗೆ ಹತ್ತಿರದ್ದು ಎಂದು ‘ಇಂಡೊಬಟ್ರಾಕಸ್’ ಎಂಬ ಹೊಸ ಕುಲವನ್ನು ಕಲ್ಪಿಸಿದರು. ಖಂಡಗಳು ಚಲಿಸುವುವೆಂಬ ವಾದವನ್ನು ಬಹುಮಂದಿ ವಿದ್ವಾಂಸರು ನಗೆಮಾತೆಂದು ತಳ್ಳಿಹಾಕುತ್ತಿದ್ದ ಕಾಲ ಅದು. ಇಂದು ಭಾರತವು ದಕ್ಷಿಣದ ಮಹಾಖಂಡದಿಂದ ಬೇರ್ಪಟ್ಟು, ದ್ವೀಪವಾಗಿ ತೇಲಿ, ಏಷ್ಯಾಕ್ಕೆ ಬಂದು ತಾಗಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಲಾವಾ ಉಕ್ಕುವಾಗ ಅದು ಸಮುದ್ರದ ನಡುವೆ ಪ್ರಯಾಣದಲ್ಲಿತ್ತು. ಆ ನೌಕೆಯಲ್ಲಿದ್ದ ಪ್ರಯಾಣಿಕರ ಪಟ್ಟಿಯೇ ಈ ನಡುಪದರಗಳು.

ಪಟ್ಟಿ ಮಾತ್ರ ಸುಲಭವಾಗಿ ಓದಿಸಿಕೊಳ್ಳುವುದಿಲ್ಲ. ಹೈದರಾಬಾದಿನ ಪಡುವಣಕ್ಕೆ ವಿಕಾರಾಬಾದಿನ ಸಮೀಪ ನಾಸ್ಕಲ್ ಎಂಬ ಹಳ್ಳಿಯುಂಟು. ಅಲ್ಲಿಯ ನಡುಪದರದ ಮಣ್ಣನ್ನು ಜರಡಿಯಾಡಿ, ಜಿ. ವಿ. ಆರ್. ಪ್ರಸಾದ್ ಮತ್ತು ಅಶೋಕ ಸಾಹ್ನಿಯವರು ೧೯೮೮ರಲ್ಲಿ ಭಾರತದ ಆ ಯುಗದ ಮೊದಲ ಸ್ತನಿಯನ್ನು ಲೋಕಕ್ಕೆ ತೋರಿಸಿದರು. ಹೆಸರು ‘ದೆಕ್ಕನೊಲೆಸ್ಟಿಸ್ ಹಿಸ್ಲಾಪಿ’. ಮುಳುಗಿಹೋದ ಪಾದ್ರಿಗಳ ಹೆಸರು ಹೀಗೆ ಮತ್ತೊಮ್ಮೆ ಮೇಲೆ ಬಂದಿತು. ಅದೇ ಮಣ್ಣಿನಿಂದ ಕಪ್ಪೆಯ ಮೂಳೆಗಳು ೧೯೯೧ರಲ್ಲಿಯೂ, ‘ಇಂಡೊಫಿಸ್ ಸಾಹ್ನಿಯೈ’ ಎಂಬ ಹಾವು ೧೯೯೨ರಲ್ಲಿಯೂ ಪ್ರಸಾದ್ ಮತ್ತು ಫ್ರಾನ್ಸಿನ ಜೆ. ಸಿ. ರಾಜ್ ಅವರಿಂದ ವರ್ಣಿತವಾದುವು. ತೊಡಕೇನೆಂದರೆ, ವರ್ಲಿಯ ಕಪ್ಪೆ ದಕ್ಷಿಣ ದಿಕ್ಕಿಗೆ ಬೆರಳು ತೋರಿದರೆ, ನಾಸ್ಕಲ್ಲಿನ ಕಪ್ಪೆಯನ್ನು ಅವರು ಉತ್ತರ ಖಂಡಗಳ ಗುಂಪಿಗೆ ಸೇರಿಸಿದರು. ದ್ವೀಪವಾಗಿದ್ದ ಭಾರತಕ್ಕೆ ಉತ್ತರದ ಕಪ್ಪೆ ಹೇಗೆ ಬಂದಿತು? ನಡುವೆ ದ್ವೀಪಗಳ ಸಾಲಿತ್ತೇ, ಅಥವಾ ಚೂರುಪಾರು ಮೂಳೆಯಿಂದ ಕುಲವನ್ನು ಗುರುತಿಸಿದ್ದೇ ಸಂದೇಹಾಸ್ಪದವೇ? ಎರಡು ಕಪ್ಪೆಗಳ ವಿಷಯದಲ್ಲಿಯೂ ವಿದ್ವಾಂಸರ ಚರ್ಚೆ ನಡೆದಿದೆ. ಎರಡು ಊರುಗಳ ಸಾಕ್ಷಿ ಹೊಂದದಿದ್ದಾಗ ಮೂರನೆಯ ಊರಿನ ಸಾಕ್ಷಿಯನ್ನು ಕರೆಯುವುದು ನ್ಯಾಯಾಲಯದ ಪದ್ಧತಿ.

ಅಂಥ ಊರು ಕನ್ನಡನಾಡಿನೊಳಗೇ ಇದೆ. ನಾಸ್ಕಲ್ಲಿನಿಂದ ನೈರುತ್ಯಕ್ಕೆ ಸುಮಾರು ೪೦ ಮೈಲಿ ದೂರದಲ್ಲಿ, ಹಿಂದೆ ಗುಲ್ಬರ್ಗಾ ಜಿಲ್ಲೆಗೂ ಈಗ ಯಾದಗಿರಿ ಜಿಲ್ಲೆಗೂ ಸೇರಿದ ಗುರುಮಠಕಲ್ಲಿನ ಸುತ್ತ ಲಾವಾ ನಡುಪದರಗಳಿವೆ. ಗುಲ್ಬರ್ಗಾ ಸೀಮೆಯ ಈ ಪದರಗಳಿಂದ ವಾಟ್ಲಿ, ಬಾಜಪೇಯಿ ಮತ್ತು ಶ್ರೀನಿವಾಸನ್ ಎಂಬವರು ೨೦೦೨ರಲ್ಲಿ ಆಸ್ಟ್ರಕೋಡ್ ಎಂಬ ಸಿಹಿನೀರಿನ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ವರ್ಣಿಸಿದರು. ಸಾಸಿವೆಗಿಂತ ಸಣ್ಣದಾದ ಈ ಚಿಪ್ಪುಗಳು ಸಾರುವುದಿಷ್ಟು: ಲಾವಾದ ಬಿಡುವಿನಲ್ಲಿ ಅಲ್ಲಿ ನೀರು ನಿಂತಿತ್ತು, ಆ ನೀರು ಉಪ್ಪಲ್ಲ. ಅಂಥ ನೀರಿನ ಬದಿಯಲ್ಲಿ ಕಪ್ಪೆ ಇದ್ದಿರಬೇಕೆಂದು ಊಹಿಸಲು ಪಾಂಡಿತ್ಯ ಬೇಡ. ಇದ್ದಿತೆಂದು ಸ್ಥಾಪಿಸಲು ಮಾತ್ರ ಮೂಟೆಗಟ್ಟಲೆ ಮಣ್ಣನ್ನು ಹೊರಬೇಕು. ಆ ಮಣ್ಣನ್ನು ಬಿಸಿಲಿನಲ್ಲಿ ಒಣಗಿಸಿ, ಸೀಮೆಎಣ್ಣೆಯಲ್ಲಿ ನೆನೆಸಿ, ಎಣ್ಣೆ ಬಸಿದು ನೀರೆರೆದರೆ ಹೆಂಟೆ ತಾನಾಗಿ ಬಿರಿದು ಕೆಸರಾಗುತ್ತದೆ. ಕೆಸರನ್ನು ನಯವಾದ ಜರಡಿಯಲ್ಲಿ ತೊಳೆದು, ಉಳಿದ ಗಸಿಯನ್ನು ಸೂಕ್ಷ್ಮದರ್ಶಕದಡಿ ಹರಡಿ, ಒದ್ದೆಮಾಡಿದ ಕುಂಚದ ತುದಿಯಿಂದ ಒಂದೊಂದು ಕಣವನ್ನೂ ಎತ್ತಿ ನೋಡಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವುದರ ತದ್ವಿರುದ್ಧವಾದ ಕೆಲಸ. ಇಲ್ಲಿ ಕಲ್ಲಿನಲ್ಲಿ ಅಕ್ಕಿಯನ್ನು ಆರಿಸಬೇಕು. ದಿನವೆಲ್ಲ ಕುಳಿತರೂ ಒಂದು ಹಲ್ಲು ಸಿಕ್ಕದೆ ಹೋಗಬಹುದು.

ಉತ್ತರದ ಜಿಲ್ಲೆಗಳಲ್ಲಿ ಬಾವಿ ತೋಡುವವರಿಗೂ ರಸ್ತೆಗೆ ಜಲ್ಲಿ ಒಡೆಯುವವರಿಗೂ ಈ ಪದರಗಳು ಎದುರಾಗುವುದುಂಟು. ಗುರುತು ಕಷ್ಟದ್ದಲ್ಲ. ಮೇಲೆಯೂ ಕೆಳಗೆಯೂ ಗಟ್ಟಿಯಾದ ಕಪ್ಪು ಕಲ್ಲಿದ್ದು, ನಡುವೆ ಒಂದೆರಡು ಗೇಣಿನಿಂದ ಕೆಲವು ಅಡಿಗಳವರೆಗೆ ಬೂದುಬಣ್ಣದ ಅಥವಾ ಹಸುರು ಛಾಯೆಯ ಜೇಡಿಯೋ, ಸುಣ್ಣಗಲ್ಲೋ, ಚಕ್ಕೆ ಚಕ್ಕೆಯಾಗಿ ಬಿಡುವ ಪದರಗಲ್ಲೋ ಕಂಡುಬಂದರೆ, ಅದರಲ್ಲಿ ಪುಟ್ಟ ಶಂಖುಗಳಿವೆಯೇ ಎಂದು ನೋಡತಕ್ಕದ್ದು. ಶಂಖುವಿದ್ದರೆ ಪದರವನ್ನು ಒಡೆಯುವುದನ್ನು ನಿಲ್ಲಿಸಿ, ಅಂಗೈಯಗಲದ ಒಂದು ಚಕ್ಕೆಯನ್ನು ಕಾಗದದಲ್ಲಿ ಸುತ್ತಿ, ಊರು, ಹೊಲ, ಆಳ ಇಷ್ಟನ್ನೂ ಅದರ ಮೇಲೆಯೇ ಬರೆದು, ಬೆಂಗಳೂರಿನಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಚೇರಿಗಾಗಲಿ ಸಮೀಪದ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರಿಗಾಗಲಿ ತಲುಪಿಸಬಹುದು. ಊರಿನ ಹೆಸರು ಬರೆಯದ ಚಕ್ಕೆ ಅವರಿಗೆ ಅಷ್ಟಾಗಿ ಉಪಯೋಗಕ್ಕೆ ಬಾರದು.